ನಾವು ಹಾರಿಸಿ ಮುಂದೆ ಹೋಗುವ ಪುಟ: ಕಾಂಡೋಮ್ ಆಯ್ಕೆಯ ಬಗ್ಗೆ ಶಿಕ್ಷಕರು ತಿಳಿದಿರಬೇಕಾದದ್ದು

ಪ್ರೌಢಶಾಲೆಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವನ್ನು ನಾವೆಲ್ಲರೂ ಉತ್ಸಾಹದಿಂದಲೇ ಆರಂಭಿಸುತ್ತೇವೆ. ಅಮೀಬಾದ ವಿದಳನ, ಯೀಸ್ಟಿನ ಮೊಗ್ಗುವಿಕೆ, ದಾಸವಾಳದ ಹೂವಿನ ಭಾಗಗಳು, ಪರಾಗಸ್ಪರ್ಶ. ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದ ಚಿತ್ರಗಳು ಮೂಡುತ್ತವೆ. ಮಾನವನ ಪ್ರಜನನಾಂಗಗಳ ಚಿತ್ರಕ್ಕೆ ಬಂದಾಗ ಧ್ವನಿ ಸ್ವಲ್ಪ ತಗ್ಗುತ್ತದೆ. ಗರ್ಭನಿರೋಧಕ ವಿಧಾನಗಳು ಎಂಬ ಉಪಶೀರ್ಷಿಕೆ ಕಂಡೊಡನೆ ಗಡಿಯಾರದತ್ತ ಕಣ್ಣು ಹೋಗುತ್ತದೆ. “ಇದು ಸುಲಭವಿದೆ, ಮನೆಯಲ್ಲಿ ಓದಿಕೊಳ್ಳಿ” ಎನ್ನುತ್ತೇವೆ. ಆ ಮಾತನ್ನು ನಾನೂ ಹಲವು ವರ್ಷ ಹೇಳಿದ್ದೇನೆ.

ತರಬೇತಿ ಸಂಸ್ಥೆಗೆ ಬರುವ ಮೊದಲು ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತಿದ್ದೆ. ಅಲ್ಲಿ ಓದಿ ಹೋದ ವಿದ್ಯಾರ್ಥಿಯೊಬ್ಬ ಹತ್ತು ಹನ್ನೆರಡು ವರ್ಷಗಳ ಅನಂತರ ದಾಖಲೆ ಪತ್ರವೊಂದಕ್ಕಾಗಿ ಬಂದ. ಸೋಲಾಪುರದ ಮಗ್ಗದಲ್ಲಿ ಕೆಲಸ, ಮದುವೆಯಾಗಿ ಎರಡು ಮಕ್ಕಳು, ಹೆಂಡತಿ ಮತ್ತೆ ಗರ್ಭಿಣಿ. ಮೂರನೆಯದು ಬೇಡವೆಂದು ಇಬ್ಬರೂ ನಿರ್ಧರಿಸಿದ್ದರಂತೆ, ಆಕೆಗೆ ರಕ್ತಹೀನತೆ. ಕಚೇರಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅವನು ಹೇಳಿದ: “ನಿರೋಧ ಅನ್ನೋದು ಸುಳ್ಳ ಅದ ಬಿಡ್ರಿ ಸರ. ಕೊಬ್ಬರಿ ಎಣ್ಣಿ ಹಚ್ಚಿದ್ರೂ ಹರೀತು.”

ಎಣ್ಣೆ ಹಚ್ಚಿದರೂ ಹರಿಯಿತು ಎಂದು ಅವನು ಭಾವಿಸಿದ್ದ. ಎಣ್ಣೆ ಹಚ್ಚಿದ್ದರಿಂದಲೇ ಹರಿಯಿತು ಎಂದು ಅವನಿಗೆ ಹೇಳಬೇಕಾಗಿದ್ದವನು ನಾನು. ಹೇಳಬೇಕಾಗಿದ್ದ ವರ್ಷದಲ್ಲಿ ಆ ಪುಟವನ್ನು ಹಾರಿಸಿದ್ದೆ. ರಬ್ಬರು ಎಣ್ಣೆಯಲ್ಲಿ ಉಬ್ಬಿ ದುರ್ಬಲವಾಗುತ್ತದೆಂಬುದು ಕುಟುಂಬಯೋಜನೆಯ ಗುಟ್ಟೇನಲ್ಲ, ಸಾಮಾನ್ಯ ರಸಾಯನಶಾಸ್ತ್ರ. ಈ ಲೇಖನ ಬರೆಯಲು ಆ ಒಂದು ವಾಕ್ಯವೇ ಕಾರಣ.

ಗಡಿಯ ಶಾಲೆಗಳಲ್ಲಿ ಈ ಮೌನಕ್ಕೆ ಬೆಲೆ ಹೆಚ್ಚು. ಮಂಗಳೂರಿನ ಅಥವಾ ಧಾರವಾಡದ ಹುಡುಗನಿಗೆ ಶಿಕ್ಷಕರು ಹೇಳದಿದ್ದರೂ ಆರೋಗ್ಯ ಕೇಂದ್ರದ ಗೋಡೆಬರಹ ಅವನ ಓದಿನ ಭಾಷೆಯಲ್ಲಿಯೇ ಇರುತ್ತದೆ. ನಮ್ಮ ಮಕ್ಕಳಿಗೆ ಹಾಗಿಲ್ಲ. ಕಾಸರಗೋಡಿನಲ್ಲಿ ಅದು ಮಲಯಾಳದಲ್ಲಿದೆ, ತಾಳವಾಡಿಯಲ್ಲಿ ತಮಿಳಿನಲ್ಲಿ, ಜತ್ತದಲ್ಲಿ ಮರಾಠಿಯಲ್ಲಿ, ಮಡಕಶಿರದಲ್ಲಿ ತೆಲುಗಿನಲ್ಲಿ. ಪೊಟ್ಟಣದ ಮೇಲಿನ ಬರಹವಂತೂ ಬಹುಮಟ್ಟಿಗೆ ಇಂಗ್ಲಿಷು, ಅದೂ ಸಾಸಿವೆಕಾಳಿನಷ್ಟು ಸಣ್ಣ ಅಕ್ಷರಗಳಲ್ಲಿ. ಮಾತನಾಡುವಾಗ ಮಗು ನೆರೆಭಾಷೆಯನ್ನು ಬಳಸಬಲ್ಲದು. ಆದರೆ ನಾಚಿಕೆಯ ವಿಷಯವನ್ನು ಅರಿಯದ ಭಾಷೆಯಲ್ಲಿ ಪ್ರಶ್ನೆ ಕೇಳಿ ತಿಳಿದುಕೊಳ್ಳುವುದು ದೊಡ್ಡವರಿಗೂ ಕಷ್ಟ.

ಇಲ್ಲಿ ಭಾಷಾಶಿಕ್ಷಕರಿಗೆ ಒಂದು ಮಾತು. ತಮಿಳಿನಲ್ಲಿ ಕಾಂಡೋಮಿಗೆ ‘ಆಣುರೈ’ ಎನ್ನುತ್ತಾರೆ, ಮಲಯಾಳದಲ್ಲಿ ‘ಗರ್ಭನಿರೋಧನ ಉರ’. ಈ ಉರೈ, ಉರ ಎಂಬವು ನಮ್ಮ ಕತ್ತಿಯ ‘ಒರೆ’ಯ ಒಡಹುಟ್ಟಿದ ಪದಗಳು. ಹೊಸೂರಿನ ಅಥವಾ ಮಂಜೇಶ್ವರದ ಮಗುವಿಗೆ ಗೋಡೆಯ ಮೇಲಿನ ಆ ಪದ ಬೈಗುಳವಲ್ಲ, ಹೊದಿಕೆ ಎಂಬ ಸಾಧಾರಣ ಅರ್ಥದ್ದು ಎಂದು ತಿಳಿಸಿದರೆ ಅರ್ಧ ನಗು ಅಲ್ಲಿಯೇ ನಿಲ್ಲುತ್ತದೆ. ಕನ್ನಡದಲ್ಲಿ ‘ಕಾಂಡೋಮ್’ ಎಂಬ ಪದವನ್ನೇ ಬಳಸೋಣ. ಹಿರಿಯರಿಗೆ ‘ನಿರೋಧ್’ ಎಂದರೆ ಬೇಗ ಗೊತ್ತಾಗುತ್ತದೆ. ಅದು ಕೇಂದ್ರ ಸರ್ಕಾರವು 1968ರಲ್ಲಿ ಮಾರುಕಟ್ಟೆಗೆ ತಂದ ಕಾಂಡೋಮಿನ ಹೆಸರು. ಆಗ ಮೂರಕ್ಕೆ 15 ಪೈಸೆ. ಅದನ್ನು ತಯಾರಿಸಲು ಸ್ಥಾಪಿತವಾದ ಹಿಂದೂಸ್ತಾನ್ ಲ್ಯಾಟೆಕ್ಸ್ ಸಂಸ್ಥೆಯ ಮೊದಲ ಕಾರ್ಖಾನೆ ತಿರುವನಂತಪುರದ ಪೇರೂರ್ಕಡದಲ್ಲಿ 1969ರಲ್ಲಿ ಕೆಲಸ ಆರಂಭಿಸಿತು. ಅದರ ಇನ್ನೊಂದು ಕಾರ್ಖಾನೆ ನಮ್ಮದೇ ಗಡಿಯ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿದೆ. ವಸ್ತು ಕನ್ನಡ ನೆಲದಲ್ಲಿಯೇ ತಯಾರಾಗುತ್ತಿದ್ದರೂ ಅದರ ವಿವರಣೆ ಕನ್ನಡದಲ್ಲಿ ದೊರೆಯದಿರುವುದು ವಿಪರ್ಯಾಸ.

ಆಯ್ಕೆ ಎಂದರೇನು

ಆಯ್ಕೆ ಎಂದೊಡನೆ ಜನರ ಮನಸ್ಸಿಗೆ ಬರುವುದು ಕಂಪನಿಯ ಹೆಸರು, ಪರಿಮಳ, ಜಾಹೀರಾತಿನ ಚಿತ್ರ. ಇವು ಯಾವುವೂ ಮುಖ್ಯವಲ್ಲ. ಔಷಧ ಅಂಗಡಿಯವನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೈಗಿಡುವುದರಿಂದ, ಕೊಳ್ಳುವವನು ಸುತ್ತಮುತ್ತ ನೋಡಿ ಜೇಬಿಗಿಳಿಸುವುದರಿಂದ, ಪೊಟ್ಟಣವನ್ನು ಓದುವ ಅಭ್ಯಾಸವೇ ನಮ್ಮಲ್ಲಿ ಬೆಳೆದಿಲ್ಲ. ಓದಬೇಕಾದದ್ದು ನಾಲ್ಕು ಸಂಗತಿ: ದಿನಾಂಕ, ಅಗಲ, ಯಾವ ವಸ್ತುವಿನದು, ಜಾರುಕ ಯಾವುದು.

ದಿನಾಂಕದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಭಾರತದಲ್ಲಿ ಕಾಂಡೋಮು ಔಷಧ ಮತ್ತು ಕಾಂತಿವರ್ಧಕಗಳ ಕಾನೂನಿನ ವ್ಯಾಪ್ತಿಗೆ ಬರುತ್ತದೆ. ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಬ್ಯಾಚ್ ಸಂಖ್ಯೆ, ತಯಾರಕರ ಪರವಾನಗಿ ಸಂಖ್ಯೆ ಪೊಟ್ಟಣದ ಮೇಲೆ ಇರಬೇಕು. ಇವಿಲ್ಲದ್ದನ್ನು ಕೊಳ್ಳಬಾರದು. ಅಂತರರಾಷ್ಟ್ರೀಯ ಮಾನದಂಡವು ಐದು ವರ್ಷಕ್ಕಿಂತ ಹೆಚ್ಚಿನ ಬಾಳಿಕೆಯನ್ನು ಒಪ್ಪುವುದಿಲ್ಲ. ಆದರೆ ಆ ಐದು ವರ್ಷ ತಂಪಾದ, ಒಣ ಜಾಗದಲ್ಲಿ ಇಟ್ಟ ಪೊಟ್ಟಣಕ್ಕೆ. ರಾಯದುರ್ಗದ ಬೇಸಿಗೆಯಲ್ಲಿ ಬಿಸಿಲಿಗೆ ಮುಖಮಾಡಿದ ಗಾಜಿನ ಕಪಾಟಿನಲ್ಲಿದ್ದದ್ದು, ಲಾರಿಯ ಚಾಲಕನ ಆಸನದ ಮುಂದಿನ ಗೂಡಿನಲ್ಲಿದ್ದದ್ದು, ಹಿಂಜೇಬಿನ ಪರ್ಸಿನಲ್ಲಿ ತಿಂಗಳುಗಟ್ಟಲೆ ನಲುಗಿದ್ದು, ಇವೆಲ್ಲ ದಿನಾಂಕ ಮುಗಿಯುವ ಮೊದಲೇ ಕೆಡುತ್ತವೆ. ಬೆರಳುಗಳ ನಡುವೆ ಒತ್ತಿದಾಗ ಪೊಟ್ಟಣದೊಳಗೆ ಗಾಳಿಯ ಗುಳ್ಳೆ ಜಾರುವುದು ತಿಳಿಯಬೇಕು. ತಿಳಿಯದಿದ್ದರೆ ಪೊಟ್ಟಣ ಸೋರಿದೆ ಎಂದರ್ಥ, ಬಿಸಾಡಬೇಕು.

ಅಗಲದ ವಿಷಯ ಜನರಿಗೆ ಅತ್ಯಂತ ಕಡಿಮೆ ತಿಳಿದಿರುವುದು. ಕಾಂಡೋಮನ್ನು ಚಪ್ಪಟೆಯಾಗಿ ಮಲಗಿಸಿದಾಗಿನ ಅಗಲವನ್ನು ಮಿಲಿಮೀಟರಿನಲ್ಲಿ ಮುದ್ರಿಸಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ 49ರಿಂದ 56 ಮಿ.ಮೀ.ವರೆಗಿನವು ಸಿಗುತ್ತವೆ. ಗಣಿತದ ಶಿಕ್ಷಕರು ಕೂಡಲೇ ಗುರುತಿಸುವಂತೆ, ಕೊಳವೆಯನ್ನು ಚಪ್ಪಟೆ ಮಾಡಿದಾಗಿನ ಅಗಲ ಅದರ ಸುತ್ತಳತೆಯ ಅರ್ಧ. ಆದ್ದರಿಂದ 52 ಎಂದಿದ್ದರೆ ಹಿಗ್ಗುವ ಮೊದಲಿನ ಸುತ್ತಳತೆ 104 ಮಿ.ಮೀ. ಕಾಂಡೋಮು ಕೂರುವುದು ಹಿಗ್ಗಿಯೇ; ಆದ್ದರಿಂದ ಅದರ ಸುತ್ತಳತೆ ಶಿಶ್ನದ ಉದ್ರೇಕಾವಸ್ಥೆಯ ಸುತ್ತಳತೆಗಿಂತ ತುಸು ಕಡಿಮೆ ಇರಬೇಕು. ಅಳೆಯಲು ದಾರವೂ ಅಳತೆಪಟ್ಟಿಯೂ ಸಾಕು. ಅಳೆಯಲು ಮನಸ್ಸಿಲ್ಲದವರಿಗೆ ಅನುಭವವೇ ಅಳತೆ: ಬಿಚ್ಚಿಕೊಂಡು ಇಳಿಯಲು ಕಷ್ಟವಾದರೆ, ಬಿಗಿದು ನೋಯಿಸಿದರೆ, ಬುಡದಲ್ಲಿ ಗುರುತು ಉಳಿದರೆ ಹೆಚ್ಚು ಅಗಲದ್ದು ಬೇಕು; ನೆರಿಗೆಗಟ್ಟಿದರೆ, ಜಾರಿದರೆ ಕಡಿಮೆ ಅಗಲದ್ದು. ಅತಿ ಬಿಗಿಯಾದದ್ದು ಹರಿಯುತ್ತದೆ, ಅತಿ ಸಡಿಲವಾದದ್ದು ಕಳಚುತ್ತದೆ. ದೊಡ್ಡದನ್ನು ಕೇಳುವುದು ಗಂಡಸುತನ, ಚಿಕ್ಕದನ್ನು ಕೇಳುವುದು ಅವಮಾನ ಎಂಬ ಭಾವನೆಯಿಂದ ಎಷ್ಟೋ ಮಂದಿ ಸಲ್ಲದ ಅಳತೆಯನ್ನು ಕೊಳ್ಳುತ್ತಾರೆ. ಚಪ್ಪಲಿ ಕೊಳ್ಳುವಾಗ ಇಲ್ಲದ ಈ ಅಭಿಮಾನ ಇಲ್ಲೇಕೆ? ಉದ್ದದ ಬಗ್ಗೆ ಚಿಂತೆ ಬೇಡ. ಹೆಚ್ಚಾದದ್ದು ಬುಡದಲ್ಲಿ ಸುರುಳಿಯಾಗಿಯೇ ಉಳಿಯುತ್ತದೆ.

“ಬಹು ತೆಳು” ಎಂದು ಬರೆದಿರುವುದು ದುರ್ಬಲವಲ್ಲವೇ ಎಂಬ ಪ್ರಶ್ನೆ ತರಬೇತಿಗಳಲ್ಲಿ ಬರುತ್ತದೆ. ಮಾನದಂಡಕ್ಕೆ ಒಳಪಟ್ಟದ್ದಾದರೆ ಅಲ್ಲ. ಪ್ರತಿ ತಂಡದಿಂದ ಆರಿಸಿದ ಮಾದರಿಗಳಿಗೆ 300 ಮಿ.ಲೀ. ನೀರು ತುಂಬಿಸಿ ಸೋರುವುದೇ ಎಂದು ನೋಡುತ್ತಾರೆ; ಗಾಳಿ ಊದಿಸಿ ಒಡೆಯುವವರೆಗೆ ಪರೀಕ್ಷಿಸುತ್ತಾರೆ. ಮಧ್ಯಮ ಅಗಲದ್ದು ಕನಿಷ್ಠ 18 ಲೀಟರ್ ಗಾಳಿಯನ್ನು ತಾಳಬೇಕು. ಮನೆಯ ನೀರಿನ ದೊಡ್ಡ ಬಕೆಟ್ಟೊಂದನ್ನು ಊಹಿಸಿಕೊಳ್ಳಿ. ತೆಳುವಾದದ್ದೂ ದಪ್ಪದ್ದೂ ಇದೇ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಗೆರೆ, ಚುಕ್ಕೆ, ಬಣ್ಣ, ಪರಿಮಳ ಇಷ್ಟದ ವಿಷಯಗಳು. ಹೆಚ್ಚು ಹೊತ್ತು ತಾಳುವಂತೆ ಮರವಿನ ಔಷಧ ಲೇಪಿಸಿದವು ಕೆಲವರಿಗೆ ಉರಿ ತರುತ್ತವೆ, ಹರಿದದ್ದೂ ತಿಳಿಯದಂತೆ ಮಾಡಬಹುದು. ಅಗತ್ಯವಿಲ್ಲದವರು ದೂರವಿಡುವುದೇ ಲೇಸು. ವೀರ್ಯಾಣುನಾಶಕ ಲೇಪಿಸಿದವುಗಳಿಂದ ಹೆಚ್ಚುವರಿ ಪ್ರಯೋಜನವಿಲ್ಲ. ಒಳಚರ್ಮಕ್ಕೆ ತೊಂದರೆಯಾಗುವ ಸಾಧ್ಯತೆಯಿದೆ.

ರಬ್ಬರ್ ಹಾಲು ಮತ್ತು ಎಣ್ಣೆ

ಇನ್ನುಳಿದ ಎರಡು, ವಸ್ತು ಮತ್ತು ಜಾರುಕ, ಒಂದಕ್ಕೊಂದು ಅಂಟಿಕೊಂಡಿವೆ. ಹೆಚ್ಚಿನ ಕಾಂಡೋಮುಗಳು ರಬ್ಬರ್ ಮರದ ಹಾಲಿನಿಂದ, ಎಂದರೆ ಲ್ಯಾಟೆಕ್ಸಿನಿಂದ, ಆದವು. ಕಾಸರಗೋಡಿನ ಗುಡ್ಡಗಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಸುಕಿನಲ್ಲಿ ಟ್ಯಾಪಿಂಗಿಗೆ ಹೋಗುವ ತಂದೆತಾಯಿಗಳ ಕೈಯಲ್ಲಿ ಆ ಹಾಲಿನ ವಾಸನೆ ಅವರಿಗೆ ಪರಿಚಿತ. ಈ ಹಾಲಿಗೆ ಗಂಧಕವನ್ನು ಸೇರಿಸಿ ಬಿಸಿಮಾಡಿದಾಗ ಅದರ ಉದ್ದನೆಯ ಅಣುಸರಪಳಿಗಳು ಅಲ್ಲಲ್ಲಿ ಕೊಂಡಿಹಾಕಿಕೊಂಡು ಗಟ್ಟಿಯಾದ, ಹಿಗ್ಗಬಲ್ಲ ಪೊರೆಯಾಗುತ್ತದೆ. ಆದರೆ ಮೂಲತಃ ಇದು ಹೈಡ್ರೋಕಾರ್ಬನ್. ಎಣ್ಣೆಯ ಸ್ವಭಾವವೂ ಅದಕ್ಕೆ ಹತ್ತಿರದ್ದು. ಎಣ್ಣೆಯ ಅಣುಗಳು ಸರಪಳಿಗಳ ನಡುವೆ ನುಗ್ಗಿ ಅವುಗಳನ್ನು ದೂರ ದೂರ ಸರಿಸುತ್ತವೆ. ಪೊರೆ ಉಬ್ಬಿ ಬಲಗುಂದುತ್ತದೆ. ಇದಕ್ಕೆ ಗಂಟೆಗಳು ಬೇಕಿಲ್ಲ, ನಿಮಿಷಗಳು ಸಾಕು. ಕೊಬ್ಬರಿ ಎಣ್ಣೆ, ಒಳ್ಳೆಣ್ಣೆ, ತುಪ್ಪ, ಬೆಣ್ಣೆ, ವ್ಯಾಸಲೀನು, ಮುಖಕ್ಕೆ ಹಚ್ಚುವ ಕ್ರೀಮು, ಮಗುವಿಗೆ ಹಚ್ಚುವ ಎಣ್ಣೆ ಎಲ್ಲವೂ ಇದೇ ಗುಂಪಿನವು. ನೀರು ಮೂಲದ ಅಥವಾ ಸಿಲಿಕೋನ್ ಮೂಲದ ಜಾರುಕಗಳು ಲ್ಯಾಟೆಕ್ಸಿಗೆ ಹಾನಿ ಮಾಡುವುದಿಲ್ಲ. ಔಷಧ ಅಂಗಡಿಯಲ್ಲಿ ಪ್ರತ್ಯೇಕ ಕೊಳವೆಯಾಗಿ ದೊರೆಯುತ್ತವೆ. ಹೆಚ್ಚಿನ ಕಾಂಡೋಮುಗಳಲ್ಲಿ ಜಾರುಕವನ್ನು ಮೊದಲೇ ಲೇಪಿಸಿರುತ್ತಾರೆ. ಒಣಗಿದೆಯೆಂದು ಎಣ್ಣೆ ಹಚ್ಚಬೇಕೆನಿಸಿದರೆ ಅದು ಹಳೆಯದಾಗಿದೆ ಎಂಬುದರ ಸೂಚನೆಯೂ ಆಗಿರಬಹುದು.

ಈ ಭಾಗವನ್ನು ತರಗತಿಯಲ್ಲಿ ಕಲಿಸಲು ಕಾಂಡೋಮೇ ಬೇಕಾಗಿಲ್ಲ. ಜಾತ್ರೆಯಲ್ಲಿ ಸಿಗುವ ಸಾಧಾರಣ ಬಲೂನು ಕೂಡ ಲ್ಯಾಟೆಕ್ಸೇ. ಒಂದೇ ಬಗೆಯ ಎರಡು ಬಲೂನುಗಳನ್ನು ಒಂದೇ ಗಾತ್ರಕ್ಕೆ ಊದಿ ಕಟ್ಟಿರಿ. ಒಂದಕ್ಕೆ ನೀರು ಸವರಿ, ಇನ್ನೊಂದಕ್ಕೆ ಕೊಬ್ಬರಿ ಎಣ್ಣೆ. ನೂಲಿನಿಂದ ಕಿಟಕಿಗೆ ನೇತುಹಾಕಿ ಪಾಠ ಮುಂದುವರಿಸಿರಿ. ಎಣ್ಣೆಯ ಬಲೂನು ಸಾಮಾನ್ಯವಾಗಿ ಮೊದಲು ಒಡೆಯುತ್ತದೆ. ಯಾವಾಗ ಎಂದು ಮೊದಲೇ ಹೇಳಲಾಗದು. ಒಮ್ಮೆ ಅದು ನಾನು ‘ಜನಸಂಖ್ಯೆ’ ಎಂದು ಬರೆಯುತ್ತಿದ್ದಾಗ ಒಡೆದು ನಾನೇ ಬೆಚ್ಚಿದ್ದೆ. ಅವಸರವಿದ್ದರೆ ಕಿತ್ತಳೆಯ ಸಿಪ್ಪೆಯನ್ನು ಬಲೂನಿನ ಮೇಲೆ ಹಿಂಡಿ ನೋಡಿ. ತೆಳುವಾದ ಬಲೂನು ಅದರ ತೈಲ ತಗುಲಿದೊಡನೆ ಸಿಡಿಯುತ್ತದೆ. ಮಕ್ಕಳ ಕಣ್ಣು ದೂರವಿರಲಿ. “ಲ್ಯಾಟೆಕ್ಸಿನಿಂದಾದ ಯಾವುದೇ ವಸ್ತುವಿಗೆ, ಶಸ್ತ್ರಚಿಕಿತ್ಸೆಯ ಕೈಗವಸಿಗೂ ಕಾಂಡೋಮಿಗೂ, ಇದೇ ಆಗುತ್ತದೆ” ಎಂಬ ಒಂದು ವಾಕ್ಯ ಸೇರಿಸಿದರೆ ಪಾಠ ಮುಗಿಯಿತು. ಸಂಕೋಚಕ್ಕೆ ಎಡೆಯಿಲ್ಲ, ಮರೆಯುವುದೂ ಇಲ್ಲ.

ಕೆಲವರಿಗೆ ಲ್ಯಾಟೆಕ್ಸ್ ಒಗ್ಗುವುದಿಲ್ಲ. ತುರಿಕೆ, ಕೆಂಪುಗುಳ್ಳೆ, ಊತ ಕಾಣಿಸುತ್ತದೆ. ಅಂಥವರಿಗೆ ಪಾಲಿಯುರೆಥೇನ್ ಅಥವಾ ಪಾಲಿಐಸೋಪ್ರೀನ್ ಎಂಬ ಕೃತಕ ವಸ್ತುಗಳಿಂದಾದವು ಇವೆ. ಪಾಲಿಐಸೋಪ್ರೀನಿಗೂ ಎಣ್ಣೆ ಆಗದು ಎಂಬುದನ್ನು ನೆನಪಿಡಬೇಕು. ಬೆಲೆ ಹೆಚ್ಚು, ಸಣ್ಣ ಊರುಗಳಲ್ಲಿ ಸಿಗುವುದು ವಿರಳ.

ಸರಿಯಾದದ್ದನ್ನು ಆರಿಸಿದ ಮೇಲೂ ಕೆಡಿಸುವ ದಾರಿಗಳಿವೆ. ಹಲ್ಲಿನಿಂದ ಕಚ್ಚಿ ಪೊಟ್ಟಣ ಹರಿಯುವುದು, ತುದಿಯ ಗಾಳಿಯನ್ನು ಹಿಂಡಿ ತೆಗೆಯದಿರುವುದು, ಸಂಪರ್ಕದ ನಡುವೆ ತಡವಾಗಿ ಧರಿಸುವುದು, ಹೊರತೆಗೆಯುವಾಗ ಬುಡವನ್ನು ಹಿಡಿಯದಿರುವುದು, ಭದ್ರತೆಗೆಂದು ಒಂದರ ಮೇಲೊಂದು ಎರಡು ಧರಿಸುವುದು. ಕೊನೆಯದಂತೂ ತಿಕ್ಕಾಟದಿಂದ ಎರಡನ್ನೂ ಹರಿಯುತ್ತದೆ. ಪ್ರತಿ ಸಲವೂ ಸರಿಯಾಗಿ ಬಳಸುವ ದಂಪತಿಗಳಲ್ಲಿ ವರ್ಷಕ್ಕೆ 100ರಲ್ಲಿ ಸುಮಾರು 2 ಗರ್ಭಧಾರಣೆ ಆಗುತ್ತದೆ. ವಾಡಿಕೆಯಂತೆ ಬಳಸುವವರಲ್ಲಿ ಅದು ಸುಮಾರು 13. ಈ 2ಕ್ಕೂ 13ಕ್ಕೂ ನಡುವಿನ ಅಂತರ ಬಹುಪಾಲು ವಸ್ತುವಿನ ದೋಷವಲ್ಲ, ತಿಳಿವಳಿಕೆಯದ್ದು ಮತ್ತು ಅಭ್ಯಾಸದ್ದು. ಹರಿದರೆ ಅಥವಾ ಕಳಚಿದರೆ ಸುಮ್ಮನೆ ಕೂರಬಾರದು. ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ, ತೆಗೆದುಕೊಳ್ಳಬೇಕು, ಎಚ್.ಐ.ವಿ. ಸೋಂಕಿನ ಸಂಶಯವಿದ್ದರೆ ತಡೆಗಟ್ಟುವ ಔಷಧವನ್ನೂ 72 ಗಂಟೆಯೊಳಗೆ ಆರಂಭಿಸಬೇಕು. ಸರ್ಕಾರಿ ಆಸ್ಪತ್ರೆಗೆ ಹೋಗಬೇಕೆಂಬುದು ತಿಳಿಯದೆ ಈ ಮೂರು ದಿನ ಕಳೆದುಹೋಗುವುದೇ ಹೆಚ್ಚು.

ಇದು ಗಂಡಸರ ವಿಷಯ, ನಮಗೇಕೆ ಎನ್ನುವ ಶಿಕ್ಷಕಿಯರು ಒಂದು ಅಂಕಿಯನ್ನು ನೋಡಲಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ. 37.9 ಮಂದಿ ತಾವೇ ಶಸ್ತ್ರಚಿಕಿತ್ಸೆಗೆ ಒಳಗಾದವರು. ಪುರುಷ ಶಸ್ತ್ರಚಿಕಿತ್ಸೆ ಶೇ. 0.3, ಕಾಂಡೋಮು ಶೇ. 9.5. ಗಂಡಸು ತಪ್ಪಾಗಿ ಬಳಸಿ ಬಿಟ್ಟ ವಿಧಾನದ ಹೊರೆ ಹೆಂಗಸಿನ ಹೊಟ್ಟೆಯ ಮೇಲೆ ಬೀಳುತ್ತದೆ. ನನ್ನ ವಿದ್ಯಾರ್ಥಿಯ ಹೆಂಡತಿಗೂ ಮೂರನೆಯ ಹೆರಿಗೆಯ ಅನಂತರ ಆಪರೇಷನ್ ಆಯಿತು.

ತರಗತಿಯಲ್ಲಿ ಎಷ್ಟು, ಹೊರಗೆ ಎಷ್ಟು

ಮೇಲೆ ಬರೆದದ್ದೆಲ್ಲವೂ ಹದಿನೈದು ವರ್ಷದ ಮಕ್ಕಳಿಗೆ ಹೇಳಬೇಕಾದದ್ದಲ್ಲ. ತರಗತಿಗೆ ಸೇರಿದ್ದು ಇಷ್ಟು: ಕಾಂಡೋಮ್ ಎಂದರೇನು, ಅದು ವೀರ್ಯಾಣುವನ್ನೂ ಹಲವು ಸೋಂಕುಗಳನ್ನೂ ಒಟ್ಟಿಗೆ ತಡೆಯುವ ವಿಧಾನ, ಮಾತ್ರೆ, ವಂಕಿಗಳು ಸೋಂಕನ್ನು ತಡೆಯುವುದಿಲ್ಲ, ಎಣ್ಣೆ, ಬಿಸಿಲು, ಹಳೆಯತನ ರಬ್ಬರನ್ನು ಕೆಡಿಸುತ್ತವೆ. ಅಳತೆ, ಆಯ್ಕೆ, ಬಳಕೆಯ ಕ್ರಮ ವಯಸ್ಕರ ವಿಷಯ. ಅವು ಶಿಕ್ಷಕರ ಸ್ವಂತ ಜ್ಞಾನವಾಗಿರಲಿ. ಮದುವೆ ಗೊತ್ತಾದ ಹಳೆಯ ವಿದ್ಯಾರ್ಥಿ ಬಂದಾಗ, ತಾಯಂದಿರ ಸಭೆಯಲ್ಲಿ ಆಶಾ ಕಾರ್ಯಕರ್ತೆ ಮರಾಠಿಯಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಕನ್ನಡಕ್ಕೆ ತರಬೇಕಾದಾಗ ಉಪಯೋಗಕ್ಕೆ ಬರುತ್ತವೆ. ಶಾಲೆಯಲ್ಲಿ ಕಾಂಡೋಮು ಹಂಚುವುದು, ಪ್ರಾತ್ಯಕ್ಷಿಕೆ ತೋರಿಸುವುದು ನಮ್ಮ ಕೆಲಸವಲ್ಲ. ಪಾಠಕ್ಕೆ ಮುನ್ನ ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಪಾಲಕರ ಸಭೆಯಲ್ಲಿ ಪಠ್ಯಪುಸ್ತಕದ ಪುಟವನ್ನೇ ತೆರೆದು ತೋರಿಸಿದರೆ ಬರಬಹುದಾದ ಆಕ್ಷೇಪಣೆಗಳಲ್ಲಿ ಹೆಚ್ಚಿನವು ಅಲ್ಲಿಯೇ ತೀರುತ್ತವೆ. 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಸೇರಿದಂತೆ ಕೆಲವು ರಾಜ್ಯಗಳು ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ವಿರೋಧದ ಕಾರಣ ತಡೆಹಿಡಿದದ್ದನ್ನು ಹಿರಿಯ ಶಿಕ್ಷಕರು ಮರೆತಿಲ್ಲ. ಆ ಅಂಜಿಕೆ ಅರ್ಥವಾಗುವಂಥದ್ದು. ಪಠ್ಯದಲ್ಲಿ ಮುದ್ರಿತವಾಗಿರುವುದನ್ನು ಪಠ್ಯದ ಭಾಷೆಯಲ್ಲಿ ಹೇಳುವುದಕ್ಕೆ ಮಾತ್ರ ಯಾರೂ ಅಂಜಬೇಕಾಗಿಲ್ಲ.

ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಬೇರೆ ಕೂರಿಸಬೇಕೇ? ಹೊಸಬರು ಮೊದಲ ವರ್ಷ ಹಾಗೆ ಮಾಡಲಿ, ತಪ್ಪಿಲ್ಲ. ಆದರೆ ಎರಡೂ ಗುಂಪಿಗೆ ಒಂದೇ ಪಾಠ ಹೇಳಬೇಕು. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಸಿ ಪೆಟ್ಟಿಗೆಗೆ ಹಾಕಿಸುವುದು ಹಳೆಯ ಉಪಾಯ, ಈಗಲೂ ಒಳ್ಳೆಯದು. ಯಾವ ಭಾಷೆಯಲ್ಲಿ ಬೇಕಾದರೂ ಬರೆಯಲಿ. ಚೀಟಿಗಳಲ್ಲಿ ಒಂದು, ಯಾವುದೋ ಮಗುವಿಗೆ ದೊಡ್ಡವರಿಂದ ತೊಂದರೆಯಾಗುತ್ತಿದೆ ಎಂದು ಸೂಚಿಸಬಹುದು. ಆಗ ಅದು ಪಾಠದ ಪ್ರಶ್ನೆಯಾಗಿ ಉಳಿಯುವುದಿಲ್ಲ. 2012ರ ಪೋಕ್ಸೋ ಕಾಯಿದೆಯಂತೆ ತಿಳಿದ ಸಂಗತಿಯನ್ನು ವರದಿ ಮಾಡುವುದು ನಮ್ಮ ಕಾನೂನುಬದ್ಧ ಕರ್ತವ್ಯ. ಮಕ್ಕಳ ಸಹಾಯವಾಣಿ 1098. ಎಚ್.ಐ.ವಿ. ಮತ್ತು ಲೈಂಗಿಕ ಸೋಂಕುಗಳ ಬಗ್ಗೆ ಯಾರಾದರೂ ಹೆಸರು ಹೇಳದೆ ಕೇಳಬಹುದಾದ ಉಚಿತ ಸಂಖ್ಯೆ 1097. ಈ ಎರಡನ್ನೂ ಸೂಚನಾಫಲಕದಲ್ಲಿ ಕನ್ನಡದಲ್ಲಿ ಬರೆದಿಡಿ.

ಶಿಕ್ಷಕರ ತರಬೇತಿಯಲ್ಲಿಯೂ ನಾನು ಚೀಟಿಯ ಪೆಟ್ಟಿಗೆ ಇಡುತ್ತೇನೆ. ವಯಸ್ಸಾದವರೂ ಮಕ್ಕಳಂತೆಯೇ ಬರೆಯುತ್ತಾರೆ, ಎಡಗೈಯಿಂದ, ಅಕ್ಷರ ಗುರುತಾಗಬಾರದೆಂದು. ಕಳೆದ ಸಲ ಬಂದ ಚೀಟಿಯೊಂದರಲ್ಲಿ ಹೀಗಿತ್ತು: “ಔಷಧ ಅಂಗಡಿಯಲ್ಲಿ ಹೆಂಗಸರು ಕೇಳಬಹುದೆ? ವೈದ್ಯರ ಚೀಟಿ ಬೇಕೆ?” ಕೇಳಬಹುದು, ಚೀಟಿ ಬೇಡ, ಗುರುತಿನ ಪತ್ರ ಬೇಡ, ಗಂಡನ ಹೆಸರೂ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿಯೇ ಕೊಡುತ್ತಾರೆ. ಕೈಗೆ ಬಂದೊಡನೆ ಮೊದಲು ದಿನಾಂಕ ನೋಡಿ.